ದ್ವೀಪದ ಕಸ ಎತ್ತೋಕೆ ಮಕ್ಕಳನ್ನ ಕರ್ಕೊಂಡು ಹೋಗ್ತೀರಾ? ಸೇಂಟ್ ಮೇರೀಸ್‌ಗೆ ಹೋಗೋ ಶಾಲೆಯವರಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ದೀಪಾವಳಿ ಕಳೀತಿದ್ದ ಹಾಗೆ ಒಂದಲ್ಲ ಒಂದು ಶಾಲೆಯ ಮೇಷ್ಟ್ರು ಫೋನ್ ಮಾಡ್ತಾರೆ, ಎಲ್ರದ್ದೂ ಒಂದೇ ಕಥೆ. ಮಕ್ಕಳನ್ನ ಉಡುಪಿ ಹತ್ರದ ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರ್ಕೊಂಡು ಹೋಗಿದ್ರು, ಮಕ್ಕಳು ಉತ್ಸಾಹದಿಂದ ಮೂಟೆಗಟ್ಲೆ ಕಸ ಎತ್ತಿದ್ರು, ಬ್ಯಾನರ್ ಹಿಡ್ಕೊಂಡು ಫೋಟೋನೂ ಆಯ್ತು, ಆದ್ರೆ ಮೂಟೆ ಒಯ್ಯೋಕೆ ಯಾರೂ ಬರ್ಲಿಲ್ಲ. ಇಲ್ಲಾ ಮೂಟೆಯಲ್ಲಿ ಅರ್ಧಕ್ಕರ್ಧ ಮರಳು, ಚಿಪ್ಪು ತುಂಬಿತ್ತು. ಇಲ್ಲಾ ಉಬ್ಬರದ ಹೊತ್ತಿಗೆ ಹೋಗಿ ಕಸ ಇರೋ ಜಾಗನೇ ನೀರೊಳಗಿತ್ತು. ಇನ್ನು ಕೆಲವ್ರು ಗಿಡ ನೆಟ್ಟು ಬಂದು ಒಂದೇ ತಿಂಗಳಲ್ಲಿ ಎಲ್ಲಾ ಒಣಗಿಹೋಯ್ತು ಅಂತಾರೆ.

ಇದು ಶ್ರಮ ಸಾಲದೆ ಆಗೋದಲ್ಲ, ಕೆಲಸದ ಕ್ರಮ ತಪ್ಪಿ ಆಗೋದು. ಎಲ್ರೂ ಮಕ್ಕಳನ್ನ ಸೇರ್ಸೋದ್ರಿಂದ ಶುರು ಮಾಡ್ತಾರೆ, ಶುರು ಮಾಡ್ಬೇಕಾದ್ದು ಕಸ ಕೊನೆಗೆ ಎಲ್ಲಿ ಹೋಗಿ ಬೀಳುತ್ತೆ ಅನ್ನೋದ್ರಿಂದ. ಕೆಳಗಿರೋದು ಉಡುಪಿ ಕಡೆಯ ಶಾಲೆಗಳಿಗೆ ಅಂತ ಬರೆದಿದ್ದು, ಹೊನ್ನಾವರ, ಕಾರವಾರದ ಕಡೆಯವ್ರು ಜಾಗದ ಹೆಸರು ಬದ್ಲಾಯಿಸ್ಕೊಂಡ್ರೆ ಸಾಕು, ಉಳಿದದ್ದೆಲ್ಲಾ ಅದೇ.

ಹಂತ 1: ಕಸಕ್ಕೆ ಮೊದಲು ಮನೆ ಹುಡುಕಿ

ದಿನಾಂಕ ಇಡೋಕೆ ಮುಂಚೆ, ಬೋಟ್ ಬುಕ್ ಮಾಡೋಕೆ ಮುಂಚೆ, ಮಕ್ಕಳಿಗೆ ಹೇಳೋಕೂ ಮುಂಚೆ ಈ ಕೆಲಸ ಆಗ್ಬೇಕು. ನಿಮ್ಮ ಗ್ರಾಮ ಪಂಚಾಯತಿಯ ಒಣಕಸದ ಘಟಕಕ್ಕೆ, ನಮ್ಮ ಜಿಲ್ಲೆಯಲ್ಲಿ ಎಸ್ಎಲ್ಆರ್‌ಎಂ ಅಂತ ಕರೀತಾರಲ್ಲ ಅಲ್ಲಿಗೆ, ಇಲ್ಲಾ ನಗರಸಭೆಯ ಆರೋಗ್ಯ ವಿಭಾಗಕ್ಕೆ ನೀವೇ ಖುದ್ದಾಗಿ ಹೋಗಿ ಮೂರು ಪ್ರಶ್ನೆ ಕೇಳಿ. ಸಮುದ್ರದ ಕಸ ತಗೋತೀರಾ? ಯಾವ್ಯಾವ್ದನ್ನ ಬೇರೆ ಬೇರೆ ಮಾಡಿ ಕೊಡ್ಬೇಕು? ಗಾಡಿ ಜೆಟ್ಟಿಗೆ ಎಷ್ಟು ಗಂಟೆಗೆ ಬರುತ್ತೆ?

ಎರಡನೇ ಪ್ರಶ್ನೆನ ಬಿಡ್ಬೇಡಿ. ಮನೆಯ ಒಣಕಸಕ್ಕೂ ಕಡಲ ಕಸಕ್ಕೂ ತುಂಬಾ ವ್ಯತ್ಯಾಸ ಇದೆ. ಉಪ್ಪು, ಮರಳು, ಪಾಚಿ ಹಿಡಿದ ಬಾಟಲಿನ ಗುಜರಿಯವ್ರು ಮುಟ್ಟಲ್ಲ. ಬಿಸಿಲಿಗೆ ಸುಟ್ಟು ಪುಡಿಪುಡಿಯಾಗೋ ಪ್ಲಾಸ್ಟಿಕ್ ಮರುಬಳಕೆಗೆ ಬರೋದೇ ಇಲ್ಲ. ಘಟಕದವ್ರು ಆಗಲ್ಲ ಅಂದ್ರೆ ಅಲ್ಲೇ ಕೇಳ್ಕೊಳ್ಳಿ, ಯಾವ್ದು ಆಗುತ್ತೆ, ಆಗದಿದ್ದನ್ನ ಯಾರಿಗೆ ಕೊಡ್ಬೇಕು ಅಂತ. ಉತ್ರ ಸಿಕ್ಕಿದ ಮೇಲೆ ಒಂದು ಪತ್ರ ಕೊಟ್ಟು ಸಹಿ, ಸೀಲ್ ಹಾಕಿಸ್ಕೊಳ್ಳಿ.

ನಾವು ಮೊದಲ ವರ್ಷ ಬಾಯಿಮಾತು ನಂಬಿದ್ವಿ. ಮೂಟೆಗಳನ್ನ ಜೆಟ್ಟಿ ಪಕ್ಕ ಸಾಲಾಗಿ ಇಟ್ಟು ಸಾಯಂಕಾಲ ಗಾಡಿ ಬರುತ್ತೆ ಅಂತ ಮಕ್ಕಳನ್ನ ಮನೆಗೆ ಕಳಿಸಿದ್ವಿ. ಮೂರು ದಿನ ಆದ್ಮೇಲೆ ಹೋಗಿ ನೋಡಿದ್ರೆ ನಾಯಿಗಳು ಮೂಟೆ ಹರಿದಿದ್ವು, ಚಿಪ್ಸ್ ಪ್ಯಾಕೆಟ್ಟು, ಥರ್ಮಾಕೋಲ್ ಎಲ್ಲಾ ಜೆಟ್ಟಿ ಪಕ್ಕದ ನೀರಲ್ಲಿ ತೇಲ್ತಿತ್ತು. ದ್ವೀಪದಿಂದ ತಂದಿದ್ದನ್ನ ನಾವೇ ಸಮುದ್ರಕ್ಕೆ ವಾಪಸ್ ಹಾಕಿದ ಹಾಗಾಯ್ತು. ಆವತ್ತು ನನ್ನ ಜೊತೆ ಬಂದಿದ್ದ ಏಳನೇ ಕ್ಲಾಸಿನ ಇಬ್ಬರು ಹುಡುಗ್ರ ಮುಖ ನನಗೆ ಇನ್ನೂ ಮರೆತಿಲ್ಲ.

ಎಚ್ಚರಿಕೆಯ ಲಕ್ಷಣ: "ನೀವು ತಂದಿಡಿ ಸರ್, ನೋಡೋಣ" ಅನ್ನೋ ಉತ್ರ. ಹಾಗಂದ್ರೆ ಗಾಡಿ ಬರಲ್ಲ ಅಂತಲೇ ಲೆಕ್ಕ. ಆಗ ನೀವೇ ಒಂದು ಟೆಂಪೋ ಗೊತ್ತು ಮಾಡಿ, ಮೂಟೆಗಳು ಬೋಟಿಂದ ಇಳಿದು ನೇರ ಟೆಂಪೋಗೆ ಹತ್ಬೇಕು, ನೆಲಕ್ಕೆ ಇಳೀಲೇಬಾರ್ದು.

ಹಂತ 2: ಒಪ್ಪಿಗೆ ಪತ್ರಗಳು

ಇದು ಬೇಜಾರಿನ ಕೆಲಸ, ಎರಡು ವಾರ ಹಿಡಿಯುತ್ತೆ, ಆದ್ರೂ ತಪ್ಪಿಸೋ ಹಾಗಿಲ್ಲ. ಮುಖ್ಯೋಪಾಧ್ಯಾಯರ ಮೂಲಕ ಶಿಕ್ಷಣ ಇಲಾಖೆಯ ಅನುಮತಿ, ಪ್ರತಿ ಮಗುವಿನ ಅಪ್ಪ ಅಮ್ಮನ ಸಹಿ (ಬೋಟ್ ಪ್ರಯಾಣ ಇದೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರ್ಬೇಕು), ದ್ವೀಪದ ನಿರ್ವಹಣೆ ನೋಡ್ಕೊಳ್ಳೋರಿಗೆ ಒಂದು ಪತ್ರ, ಮಲ್ಪೆಯ ಕರಾವಳಿ ಕಾವಲು ಪೊಲೀಸರಿಗೆ ಒಂದು ಮಾಹಿತಿ ಪತ್ರ. ಈಜು ಬರುತ್ತಾ, ಫಿಟ್ಸ್ ಇದೆಯಾ, ಅಸ್ತಮಾ ಇದೆಯಾ ಅಂತ ಕೇಳೋ ಒಂದು ಚೀಟಿನೂ ಸಹಿಯ ಜೊತೆಗೇ ತರಿಸ್ಕೊಳ್ಳಿ.

ಸೇಂಟ್ ಮೇರೀಸ್ ಬರೀ ಪಿಕ್ನಿಕ್ ಜಾಗ ಅಲ್ಲ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರ್ತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ತಣ್ಣಗಾಗಿ ಆದ ಕಂಬಗಳು ಅವು. ಹಾಗಾಗಿ ಅಲ್ಲಿ ಅಗೆಯೋದು, ಗುಂಡಿ ತೋಡೋದು, ಕಲ್ಲು ಸರಿಸೋದು, ಬೋರ್ಡ್ ನೆಡೋದು ಯಾವ್ದೂ ಬೇಡ. ಗಿಡ ನೆಡೋದೂ ಬೇಡ, ಅದಕ್ಕೆ ಬೇರೆ ಜಾಗ ಇದೆ, ಹಂತ 8ರಲ್ಲಿ ಹೇಳ್ತೀನಿ.

ಹಂತ 3: ತಿಂಗಳು, ದಿನ, ಗಂಟೆ

ಅಂತಾರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನ ಬರೋದು ಸೆಪ್ಟೆಂಬರ್‌ನ ಮೂರನೇ ಶನಿವಾರ. ಹೆಚ್ಚಿನ ಶಾಲೆಗಳು ಅದೇ ದಿನ ಅಂತ ಹಟ ಹಿಡೀತಾರೆ. ನಮ್ಮ ಕರಾವಳಿಯಲ್ಲಿ ಆ ಹೊತ್ತಿಗೆ ಕಡಲು ಇನ್ನೂ ಪೂರ್ತಿ ಶಾಂತ ಆಗಿರಲ್ಲ, ಮಳೆಗಾಲಕ್ಕೆ ನಿಲ್ಸಿದ ದ್ವೀಪದ ಬೋಟುಗಳು ಶುರುವಾಗಿದ್ರೂ ಭರವಸೆ ಇಟ್ಕೊಳ್ಳೋ ಹಾಗಿಲ್ಲ. ಆ ದಿನ ಮಲ್ಪೆ, ಪಡುಕೆರೆ, ಕೋಡಿ ಬೆಂಗ್ರೆ ದಡದಲ್ಲೇ ಕೆಲಸ ಮಾಡಿ. ದ್ವೀಪಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಾರ್ಚ್ ಬಂದ್ರೆ ಹತ್ತು ಗಂಟೆಗೇ ಕಲ್ಲು ಕಾದು ಕಾಲಿಡೋಕಾಗಲ್ಲ, ಪರೀಕ್ಷೆನೂ ಹತ್ರ ಬಂದಿರುತ್ತೆ.

ಈಗ ಗಂಟೆ. ನಮ್ಮಲ್ಲಿ ದಿನಕ್ಕೆ ಹೆಚ್ಚುಕಮ್ಮಿ ಎರಡು ಸಲ ಉಬ್ಬರ, ಎರಡು ಸಲ ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರುತ್ತೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಉಬ್ಬರ ಇಳಿತದ ಸಮಯ, ಎತ್ತರದ ಅಲೆಯ ಮುನ್ಸೂಚನೆ ಎರಡನ್ನೂ ಕೊಡುತ್ತೆ, ಅದನ್ನ ನೋಡಿ ದಿನ ಗೊತ್ತು ಮಾಡಿ. ನಿಮಗೆ ಬೇಕಾಗಿರೋದು ಬೆಳಿಗ್ಗೆ ಹತ್ತು ಹತ್ತೂವರೆಗೆ ಪೂರ್ತಿ ಇಳಿತ ಇರೋ ದಿನ. ಎಂಟು ಗಂಟೆಗೆ ದ್ವೀಪದಲ್ಲಿದ್ರೆ ನೀರು ಹಿಂದೆ ಸರೀತಾ ಹೋಗುತ್ತೆ, ಮಕ್ಕಳು ಅದರ ಹಿಂದೆ ಕೆಲಸ ಮಾಡ್ತಾ ಹೋಗ್ತಾರೆ, ನೀರು ಮತ್ತೆ ಏರೋಕೆ ಶುರುವಾಗೋ ಹೊತ್ತಿಗೆ ಮೂಟೆ ಕಟ್ಟಿ ಬೋಟ್ ಹತ್ರ ಇರ್ತೀರಿ. ಇದನ್ನ ತಿರುವು ಮುರುವು ಮಾಡಿದ್ರೆ, ಅಂದ್ರೆ ಏರೋ ನೀರಿನ ಎದುರು ಮಕ್ಕಳನ್ನ ಇಳಿಸಿದ್ರೆ, ಕಸನೂ ಸಿಗಲ್ಲ, ಎದೆ ಢವಢವ ಅಂತಾನೇ ಇರುತ್ತೆ.

ಹಿಂದಿನ ದಿನ ಸಾಯಂಕಾಲ ಮುನ್ಸೂಚನೆನ ಇನ್ನೊಂದು ಸಲ ನೋಡಿ. ಮಳೆ ಇಲ್ಲ, ಗಾಳಿ ಇಲ್ಲ, ಆದ್ರೂ ದೂರದ ಸಮುದ್ರದಿಂದ ದೊಡ್ಡ ಅಲೆಗಳು ಸದ್ದಿಲ್ಲದೆ ಬಂದು ದಡಕ್ಕೆ ಅಪ್ಪಳಿಸೋದುಂಟು, ಕೇರಳದಲ್ಲಿ ಅದನ್ನ ಕಳ್ಳಕ್ಕಡಲ್ ಅಂತಾರೆ. ಎಚ್ಚರಿಕೆ ಬಂದಿದ್ರೆ ಕಾರ್ಯಕ್ರಮ ಮುಂದಕ್ಕೆ ಹಾಕಿ, ಅತಿಥಿಗಳು ಬರ್ತಾರೆ ಅಂತ ನೋಡ್ಬೇಡಿ.

ಹಂತ 4: ಸಾಮಾನು

ಮಕ್ಕಳ ಅಳತೆಯ ಗ್ಲೌಸ್ ಮೊದಲು. ರಬ್ಬರ್ ಹಚ್ಚಿದ ಹತ್ತಿ ಗ್ಲೌಸ್ ಚಿಕ್ಕ ಸೈಜಲ್ಲೂ ಸಿಗುತ್ತೆ. ತೆಳು ಪ್ಲಾಸ್ಟಿಕ್ ಗ್ಲೌಸ್ ತಗೊಂಡ್ರೆ ಅರ್ಧ ಗಂಟೆಯಲ್ಲಿ ಹರಿದು ಅದೇ ಇನ್ನೊಂದು ಕಸ ಆಗುತ್ತೆ. ಹೊಸ ಪ್ಲಾಸ್ಟಿಕ್ ಕವರ್ ತಗೊಂಡು ಹೋಗ್ಬೇಡಿ, ಖಾಲಿ ಅಕ್ಕಿ ಚೀಲ ಮಕ್ಕಳ ಮನೆಯಿಂದಲೇ ಬರುತ್ತೆ, 25 ಕೆಜಿಯದ್ದು ಸಾಕು, 50 ಕೆಜಿ ಚೀಲ ತುಂಬಿದ್ರೆ ಮಕ್ಕಳಿಗೆ ಎತ್ತೋಕಾಗಲ್ಲ.

ಆಮೇಲೆ ಹಳೇ ಪೇಂಟ್ ಬಕೆಟ್‌ಗಳು. ಅರ್ಧಕ್ಕೆ ತಳದಲ್ಲಿ ಸಣ್ಣ ತೂತು ಹಾಕಿ, ಮರಳು, ನೀರು ಅಲ್ಲೇ ಸೋರಿ ಹೋಗ್ಲಿ. ಉಳಿದ ಒಂದೆರಡನ್ನ ಮುಚ್ಚಳ ಸಮೇತ ಹಾಗೇ ಇಡಿ, ಅದು ಒಡೆದ ಗಾಜಿಗೆ. ಗಾರೆ ಕೆಲಸದವ್ರು ಮರಳು ಸೋಸೋ ಜರಡಿ ಒಂದು, ಸುಮಾರು 5 ಮಿಲಿಮೀಟರ್ ಕಣ್ಣಿನದ್ದು. ಮೀನು ತೂಗೋ ಸ್ಪ್ರಿಂಗ್ ತಕ್ಕಡಿ ಒಂದು. ಬರೆಯೋಕೆ ಪೆನ್ಸಿಲ್ಲೇ ಬೇಕು, ಪೆನ್ನಿನ ಇಂಕು ಒದ್ದೆ ಕೈಗೆ ಕಲಸಿಹೋಗುತ್ತೆ. ಬಲೆ ಕತ್ತರಿಸೋಕೆ ಒಂದು ಚೂಪಾದ ಚಾಕು, ಅದು ದೊಡ್ಡವರ ಕೈಯಲ್ಲಿ ಮಾತ್ರ.

ಕುಡಿಯೋ ನೀರನ್ನ ದಡದಿಂದಲೇ ಸ್ಟೀಲ್ ಬಾಟಲಿ, ಕ್ಯಾನಲ್ಲಿ ಒಯ್ಯಿರಿ, ತಲೆಗೆ ಒಂದು ಲೀಟರ್‌ಗಿಂತ ಜಾಸ್ತಿನೇ ಇರ್ಲಿ. ಓಆರ್‌ಎಸ್, ಟೋಪಿ, ಹಿಂದೆ ಪಟ್ಟಿ ಇರೋ ಚಪ್ಪಲಿ ಇಲ್ಲಾ ಹಳೇ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿ ಆ ಪಾಚಿ ಕಲ್ಲಿನ ಮೇಲೆ ಜಾರುತ್ತೆ. ಲೈಫ್ ಜಾಕೆಟ್ ಬೋಟಲ್ಲಿ ಇರುತ್ತೆ ಅಂತ ಸುಮ್ನಾಗ್ಬೇಡಿ, ಮಕ್ಕಳ ಸೈಜಿಂದು ಎಷ್ಟಿದೆ ಅಂತ ಹಿಂದಿನ ದಿನವೇ ಎಣಿಸಿ ಬನ್ನಿ. ದೊಡ್ಡವರ ಜಾಕೆಟ್ ಚಿಕ್ಕ ಮಗುಗೆ ಹಾಕಿದ್ರೆ ನೀರಿಗೆ ಬಿದ್ದ ಕೂಡ್ಲೇ ತಲೆ ಮೇಲಿಂದ ಕಳಚಿ ಬರುತ್ತೆ.

ಪೊರಕೆ, ಕುಂಟೆ ಬೇಡವೇ ಬೇಡ. ಯಾಕೆ ಅಂತ ಹಂತ 6ರಲ್ಲಿದೆ.

ಹಂತ 5: ಗುಂಪು ಮಾಡೋದು ಮತ್ತು ನೀರಿನ ನಿಯಮ

ಆರನೇ ಕ್ಲಾಸಿಂದ ಮೇಲಿನವ್ರು ಮಾತ್ರ ದ್ವೀಪಕ್ಕೆ. ಚಿಕ್ಕವರಿಗೆ ದಡದ ಕೆಲಸ ಬೇಕಾದಷ್ಟಿದೆ. ಎಂಟು ಮಕ್ಕಳಿಗೆ ಒಬ್ರು ದೊಡ್ಡವ್ರು, ಒಟ್ಟು ಗುಂಪಿಗೆ ಈಜು ಗೊತ್ತಿರೋ ಇಬ್ರು ಸ್ಥಳೀಯರು, ಮೀನುಗಾರ ಮೊಗವೀರ ಸಮುದಾಯದ ಹುಡುಗ್ರು ಕೇಳಿದ್ರೆ ಖಂಡಿತ ಬರ್ತಾರೆ, ಅವ್ರಿಗೆ ಆ ನೀರು ಗೊತ್ತು. ಈ ಇಬ್ರು ಕಸ ಎತ್ತೋ ಹಾಗಿಲ್ಲ, ನೀರಿಗೆ ಮುಖ ಮಾಡಿ ಮಕ್ಕಳನ್ನ ನೋಡ್ತಾ ನಿಲ್ಲೋದೇ ಅವರ ಕೆಲಸ. ಎಷ್ಟೋ ಕಡೆ ಕಾವಲಿಗೆ ಅಂತ ಬಂದವ್ರೂ ಹುರುಪಲ್ಲಿ ಮೂಟೆ ಹೊರೋಕೆ ಹೋಗ್ಬಿಡ್ತಾರೆ.

ಐದೈದು ಮಕ್ಕಳ ತಂಡ ಮಾಡಿ. ಇಬ್ರು ಎತ್ತೋರು, ಒಬ್ರು ಚೀಲ ಹಿಡಿಯೋರು, ಒಬ್ರು ಬರೆಯೋರು, ಇನ್ನೊಬ್ರು "ಚಿಪ್ಪು ಕಾವಲು". ಚೀಲದೊಳಗೆ ಮರಳು, ಚಿಪ್ಪು, ಜೀವ ಇರೋದು ಏನೂ ಹೋಗದ ಹಾಗೆ ನೋಡೋದು ಈ ಐದನೆಯವರ ಕೆಲಸ. ಕ್ಲಾಸಲ್ಲಿ ತುಂಬಾ ಗಲಾಟೆ ಮಾಡೋ ಮಗುಗೆ ಈ ಕೆಲಸ ಕೊಟ್ಟು ನೋಡಿ, ಎಷ್ಟು ಕಟ್ಟುನಿಟ್ಟಾಗಿ ಮಾಡುತ್ತೆ ಅಂದ್ರೆ ಮೇಷ್ಟ್ರನ್ನೂ ಬಿಡಲ್ಲ.

ನೀರಿನ ನಿಯಮ ಒಂದೇ: ಪಾದದ ಗಂಟಿಗಿಂತ ಮೇಲೆ ನೀರು ಬರೋ ಜಾಗಕ್ಕೆ ಯಾರೂ ಹೋಗೋ ಹಾಗಿಲ್ಲ, ಚೆಂದದ ಬಾಟಲಿ ತೇಲ್ತಾ ಇದ್ರೂ ಬಿಡ್ಬೇಕು. ಪಶ್ಚಿಮಕ್ಕೆ, ತೆರೆದ ಸಮುದ್ರಕ್ಕೆ ಮುಖ ಮಾಡಿರೋ ಕಲ್ಲುಗಳ ಮೇಲೆ ಮಕ್ಕಳು ಹತ್ತೋದೇ ಬೇಡ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದಲ್ಲೇ ನೀರುಪಾಲಾದ್ರು. ಒದ್ದೆ ಕಪ್ಪು ಕಲ್ಲು ನೋಡೋಕೆ ಒಣಗಿದ ಹಾಗೇ ಕಾಣುತ್ತೆ, ಕಾಲಿಟ್ಟ ಮೇಲೇ ಗೊತ್ತಾಗೋದು. ಇದನ್ನ ಬೋಟ್ ಹತ್ತೋಕೆ ಮುಂಚೆ ಮಕ್ಕಳಿಗೆ ಹೇಳಿ, ಇಳಿದ ಮೇಲೆ ಯಾರೂ ಕೇಳಿಸ್ಕೊಳ್ಳಲ್ಲ.

ಬೋಟ್ ದಡ ಮುಟ್ಟೋ ಕಡೆ ಕೆಲವು ಸಲ ನೀರಲ್ಲೇ ಇಳೀಬೇಕಾಗುತ್ತೆ. ಮೊದಲು ದೊಡ್ಡವ್ರು ಇಬ್ರು ಇಳಿದು ನಿಂತು ಒಬ್ಬೊಬ್ರನ್ನೇ ಕೈ ಹಿಡಿದು ಇಳಿಸ್ಕೊಳ್ಳಿ, ಪಾದದ ಗಂಟಿನ ನಿಯಮಕ್ಕೆ ಇದೊಂದೇ ವಿನಾಯಿತಿ. ತಲೆ ಎಣಿಕೆ ನಾಲ್ಕು ಸಲ: ಹತ್ತೋವಾಗ, ಇಳಿದಾಗ, ವಾಪಸ್ ಹತ್ತೋವಾಗ, ಮಲ್ಪೆಯಲ್ಲಿ. ಫೋನಲ್ಲಿ 112, ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554 ಸೇವ್ ಮಾಡಿಟ್ಕೊಳ್ಳಿ. ಬೋಟಿನವ್ರು "ಈಗ್ಲೇ ಹೊರಡೋಣ" ಅಂದ್ರೆ ಮರುಮಾತಿಲ್ಲದೆ ಹೊರಡಿ, ಎಷ್ಟು ಮೂಟೆ ಉಳಿದಿದ್ರೂ ಸರಿ.

ಹಂತ 6: ಎತ್ತೋದು, ಅದಕ್ಕಿಂತ ಮುಖ್ಯವಾಗಿ ಎತ್ತದೆ ಬಿಡೋದು

ಇಲ್ಲೇ ಜಾಸ್ತಿ ಜನ ಸೋಲೋದು. ಸೇಂಟ್ ಮೇರೀಸ್‌ನ ದಡ ಮಾಮೂಲಿ ಮರಳಲ್ಲ, ಅದರಲ್ಲಿ ಬಹುಪಾಲು ಚಿಪ್ಪು, ಚಿಪ್ಪಿನ ಚೂರು. ಅಲ್ಲಿ ಪೊರಕೆ, ಕುಂಟೆ ಹಾಕಿದ್ರೆ ಕಸದ ಜೊತೆ ದಡನೇ ಚೀಲಕ್ಕೆ ಬರುತ್ತೆ. ಒಂದ್ಸಲ ನಮ್ಮ ಹುಡುಗಿಯೊಬ್ಳು ತುಂಬಿದ ಮೂಟೆ ತಂದಿಟ್ಟು ತೂಗಿಸಿದ್ಳು, 14 ಕೆಜಿ ಬಂತು, ಎಲ್ರೂ ಚಪ್ಪಾಳೆ ತಟ್ಟಿದ್ರು. ನನಗೆ ಅನುಮಾನ ಬಂದು ಜರಡಿಗೆ ಸುರಿಯೋಕೆ ಹೇಳ್ದೆ. ಅವಳು ಮೊಣಕಾಲೂರಿ ಕೂತು ಹಿಡಿ ಹಿಡಿಯಾಗಿ ಅಲುಗಾಡಿಸ್ತಾ ಹೋದ್ಳು, ಕೆಳಗೆ ಬಿಳಿ ಚಿಪ್ಪಿನ ರಾಶಿ ಬೆಳೀತಾ ಹೋಯ್ತು, ಮೇಲೆ ಉಳಿದಿದ್ದು ಶಾಂಪೂ ಸ್ಯಾಚೆಟ್ಟು, ಗುಟ್ಕಾ ಚೀಟಿ, ನೀಲಿ ಹಗ್ಗದ ಎಳೆಗಳು, ಎರಡು ಬಾಟಲಿ. ಮತ್ತೆ ತೂಗಿದ್ರೆ 3 ಕೆಜಿನೂ ಇರ್ಲಿಲ್ಲ. ಅವಳು ಆ ಚಿಪ್ಪುಗಳನ್ನೆಲ್ಲಾ ಬೊಗಸೆಯಲ್ಲಿ ತಗೊಂಡು ಎಲ್ಲಿಂದ ತಂದಿದ್ಳೋ ಅಲ್ಲೇ ಹರಡಿ ಬಂದ್ಳು. ಅವತ್ತಿಂದ ನಮ್ಮಲ್ಲಿ ಮೂಟೆ ತೂಗೋದು ಜರಡಿ ಆದ್ಮೇಲೆ ಮಾತ್ರ, ಯಾವ ತಂಡ ಜಾಸ್ತಿ ತೂಕ ತಂತು ಅನ್ನೋ ಸ್ಪರ್ಧೆನೂ ನಿಲ್ಸಿಬಿಟ್ವಿ, ತೂಕದ ಸ್ಪರ್ಧೆ ಇಟ್ರೆ ಮಕ್ಕಳು ಮರಳು ತುಂಬದೆ ಇನ್ನೇನು ಮಾಡ್ತಾರೆ.

ಎತ್ತಬಾರದ್ದು ಇವು. ಚಿಪ್ಪು, ಒಂದೂ ಬೇಡ, ಜೇಬಿಗೂ ಬೇಡ. ಖಾಲಿ ಶಂಖದ ಚಿಪ್ಪು ಸನ್ಯಾಸಿ ಏಡಿಗೆ ಮನೆ, ಒಡೆದು ಪುಡಿಯಾದ್ರೆ ಅದೇ ದಡ. ವಾಪಸ್ ಬೋಟ್ ಹತ್ತೋಕೆ ಮುಂಚೆ ಎಲ್ರೂ ಜೇಬು ಖಾಲಿ ಮಾಡ್ಬೇಕು, ಮೇಷ್ಟ್ರು, ಟೀಚರ್ ಸೇರಿಸಿ. ದಡಕ್ಕೆ ಬಂದು ಬಿದ್ದಿರೋ ಕಡಲ ಪಾಚಿ, ಅದು ನಾತ ಹೊಡೀತಾ ಇದ್ರೂ ಹಾಗೇ ಬಿಡಿ, ಅದರ ಕೆಳಗೆ ಸಣ್ಣ ಹುಳುಗಳಿರ್ತವೆ, ಅದನ್ನ ತಿನ್ನೋಕೆ ಏಡಿ, ಹಕ್ಕಿ ಬರ್ತವೆ. ಮರದ ತುಂಡು, ತೆಂಗಿನ ಗರಿ, ಸತ್ತ ಮೀನು ಇವೂ ಕಸ ಅಲ್ಲ. ಪಾಚಿಗೆ ಸಿಕ್ಕಿರೋ ಪ್ಲಾಸ್ಟಿಕ್ ಮಾತ್ರ ಬಿಡಿಸಿ ತಗೊಳ್ಳಿ.

ಎತ್ತೋ ಕ್ರಮ ಹೀಗೆ. ಮೊದಲು ಹಗುರದ್ದು, ಅಂದ್ರೆ ಥರ್ಮಾಕೋಲ್, ಕವರ್, ಪ್ಯಾಕೆಟ್. ಹತ್ತು ಗಂಟೆ ಮೇಲೆ ಗಾಳಿ ಜೋರಾದ್ರೆ ಅವು ಕೈಗೆ ಸಿಗಲ್ಲ. ಥರ್ಮಾಕೋಲ್‌ನ ಮುರೀಬಾರ್ದು, ಮುರಿದ್ರೆ ಮಣಿ ಮಣಿಯಾಗಿ ಉದುರಿ ಚಿಪ್ಪಿನ ಜೊತೆ ಸೇರುತ್ತೆ, ಆಮೇಲೆ ಯಾರಿಂದಲೂ ಆಯೋಕಾಗಲ್ಲ. ಆಮೇಲೆ ಬಾಟಲಿಗಳು. ಪ್ರತಿ ಬಾಟಲಿ, ಡಬ್ಬಿನ ಚೀಲಕ್ಕೆ ಹಾಕೋಕೆ ಮುಂಚೆ ಒಳಗೆ ನೋಡ್ಬೇಕು, ಸನ್ಯಾಸಿ ಏಡಿ ಒಳಗೆ ಹೋಗಿ ಜಾರೋ ಗೋಡೆ ಹತ್ತೋಕಾಗದೆ ಸಿಕ್ಕಾಕ್ಕೊಂಡಿರುತ್ತೆ. ಬಾಟಲಿನ ಮರಳಿನ ಮೇಲೆ ಅಡ್ಡ ಮಲಗಿಸಿ, ನಿಧಾನಕ್ಕೆ ಓರೆ ಮಾಡಿ, ಒಂದು ನಿಮಿಷ ಕಾದ್ರೆ ತಾನೇ ಹೊರಗೆ ಬರುತ್ತೆ. ಈ ಒಂದು ನಿಮಿಷ ಮಕ್ಕಳು ಉಸಿರು ಬಿಗಿಹಿಡಿದು ಕೂತಿರ್ತಾರೆ. ಕೊನೆಗೆ ಹಗ್ಗ, ಬಲೆ. ಕಲ್ಲಿನ ಸಂದಿಗೆ ಸಿಕ್ಕಿರೋ ಬಲೆನ ಮಕ್ಕಳು ಎಳೀಬಾರ್ದು, ಎಳೆದ್ರೆ ಕಲ್ಲಿಗೆ ಅಂಟಿದ ಜೀವ ಎಲ್ಲಾ ಕಿತ್ತು ಬರುತ್ತೆ, ಕೈನೂ ಕುಯ್ಯುತ್ತೆ. ದೊಡ್ಡವ್ರು ಕಾಣೋವಷ್ಟನ್ನ ಕತ್ತರಿಸಿ ತೆಗೀಲಿ, ಮರಳಲ್ಲಿ ಆಳಕ್ಕೆ ಹೂತಿರೋದನ್ನ ಮೇಲ್ಮಟ್ಟಕ್ಕೆ ಕತ್ತರಿಸಿ ಬಿಡಿ.

ಮಕ್ಕಳು ಮುಟ್ಟದೆ ಕೂಗಿ ಕರೀಬೇಕಾದ್ದು: ಸಿರಿಂಜು, ಔಷಧಿ ಬಾಟಲಿ, ಒಡೆದ ಗಾಜು, ಮುಚ್ಚಳ ಬಿಗಿಯಿರೋ ಕ್ಯಾನು, ಡ್ರಮ್ಮು. ಡ್ರಮ್ ಕಂಡ್ರೆ ದೊಡ್ಡವ್ರೂ ಮುಟ್ಟಬಾರ್ದು, ದೂರ ಸರಿದು ಕರಾವಳಿ ಕಾವಲು ಪೊಲೀಸರಿಗೆ ಫೋನ್ ಮಾಡಿ. 2025ರ ಮೇ 25ರಂದು ಕೊಚ್ಚಿ ಹತ್ರ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಕಂಟೇನರ್‌ಗಳು ಕೇರಳದ ದಡಕ್ಕೆ ಬಂದು ಬಿದ್ವು, ಅಕ್ಕಿಕಾಳಿನ ಹಾಗಿರೋ ಬಿಳಿ ಪ್ಲಾಸ್ಟಿಕ್ ಗುಳಿಗೆಗಳು ಮರಳಲ್ಲೆಲ್ಲಾ ಹರಡಿದ್ವು. ಅಂಥ ಗುಳಿಗೆ ಒಂದೆರಡು ಕಡೆ ಕಂಡ್ರೆ ಜಾಗದ ಫೋಟೋ ತೆಗೆದು ಬರ್ಕೊಳ್ಳಿ, ಗ್ಲೌಸ್ ಹಾಕಿದ ಕೈಯಲ್ಲಿ ಆಯ್ದು ಬೇರೆ ಡಬ್ಬಿಗೆ ಹಾಕಿ. ರಾಶಿ ಬಿದ್ದಿದ್ರೆ ಜಿಲ್ಲಾಡಳಿತಕ್ಕೆ ತಿಳಿಸಿ, ಅದು ಮಕ್ಕಳ ಕೆಲಸ ಅಲ್ಲ.

ಅಂಬಲಿ ಮೀನು (ಜೆಲ್ಲಿಫಿಶ್) ಚುಚ್ಚಿದ್ರೆ ಉಜ್ಜಬಾರ್ದು, ಸಿಹಿನೀರು ಹಾಕಬಾರ್ದು. ಸಮುದ್ರದ ನೀರಲ್ಲೇ ತೊಳೆದು, ಅಂಟಿರೋ ಎಳೆನ ಚಿಮಟದಲ್ಲಿ ತೆಗೆದು ಆಸ್ಪತ್ರೆಗೆ ತೋರಿಸಿ. ಉಸಿರಾಟಕ್ಕೆ ಕಷ್ಟ ಆದ್ರೆ, ಮುಖ ಊದಿದ್ರೆ ತಕ್ಷಣ ಬೋಟ್ ಹೊರಡಿಸಿ. ಸತ್ತು ದಡಕ್ಕೆ ಬಿದ್ದಿರೋದೂ ಚುಚ್ಚುತ್ತೆ, ಮಕ್ಕಳಿಗೆ ಇದು ಗೊತ್ತಿರಲ್ಲ.

ಹಂತ 7: ವಿಂಗಡಣೆ, ಲೆಕ್ಕ, ವಾಪಸ್ ಬರೋದು

ವಿಂಗಡಣೆ ದ್ವೀಪದಲ್ಲೇ ಆಗ್ಬೇಕು. ಮಲ್ಪೆಗೆ ಬಂದ್ಮೇಲೆ ಮಾಡೋಣ ಅಂದ್ರೆ ಮಕ್ಕಳಿಗೆ ಹಸಿವು, ಬಸ್ಸಿಗೆ ಲೇಟು, ಯಾರೂ ಮಾಡಲ್ಲ. ತೆಂಗಿನ ಮರದ ನೆರಳಲ್ಲಿ ಟಾರ್ಪಾಲ್ ಹಾಸಿ ನಾಲ್ಕು ರಾಶಿ: ಬಾಟಲಿ ಮತ್ತೆ ಗಟ್ಟಿ ಪ್ಲಾಸ್ಟಿಕ್, ಬಲೆ ಮತ್ತೆ ಹಗ್ಗ, ಗಾಜು ಮತ್ತೆ ಲೋಹ, ಉಳಿದ ಪ್ಯಾಕೆಟ್, ಚಪ್ಪಲಿ, ಥರ್ಮಾಕೋಲ್. ಬಾಟಲಿಯ ಮುಚ್ಚಳ ತೆಗೆದು ನೀರು, ಮರಳು ಸುರಿದು, ತುಳಿದು ಚಪ್ಪಟೆ ಮಾಡಿ. ಒಂದೇ ಮೂಟೆಯಲ್ಲಿ ಎಲ್ಲಾ ಬೆರೆಸಿ ಕೊಟ್ರೆ ಘಟಕದವ್ರು ಎಲ್ಲಾನೂ ಕೆಲಸಕ್ಕೆ ಬಾರದ ಕಸ ಅಂತ ಪಕ್ಕಕ್ಕೆ ಹಾಕ್ತಾರೆ, ಅವರದ್ದು ತಪ್ಪಲ್ಲ.

ದ್ವೀಪದಲ್ಲಿ ಕಸ ಸುಡೋದು, ಗುಂಡಿ ತೆಗೆದು ಹೂಳೋದು ಎರಡೂ ಬೇಡ. ಹೂತಿದ್ದನ್ನ ಮೊದಲ ಮಳೆಗಾಲದ ಅಲೆ ಮೇಲೆ ತೆಗೆಯುತ್ತೆ.

ಲೆಕ್ಕಕ್ಕೆ 100 ಮೀಟರ್ ಜಾಗ ಅಳೆದು ಗುರ್ತು ಇಟ್ಕೊಳ್ಳಿ, ಬಣ್ಣ ಹಚ್ಚಬೇಡಿ, ಎರಡು ತುದಿಯಿಂದ ಕಾಣೋ ಮರ, ಬಂಡೆಯ ಫೋಟೋ ಸಾಕು. ಪ್ರತಿ ಸಲ ಅದೇ 100 ಮೀಟರಲ್ಲಿ ಸಿಕ್ಕಿದ್ದನ್ನ ಎಣಿಸಿ ಬರೀರಿ: ಬಾಟಲಿ ಇಷ್ಟು, ಸ್ಟ್ರಾ ಇಷ್ಟು, ಇಯರ್ ಬಡ್ ಕಡ್ಡಿ ಇಷ್ಟು. ಸ್ಟ್ರಾ, ಪ್ಲಾಸ್ಟಿಕ್ ಕಡ್ಡಿಯ ಇಯರ್ ಬಡ್, ಪ್ಲಾಸ್ಟಿಕ್ ಲೋಟ ತಟ್ಟೆ ಇವೆಲ್ಲಾ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಆದ್ರೂ ಸಿಗ್ತಾವೆ. ಮೂರು ಸಲದ ಲೆಕ್ಕ ಕೈಯಲ್ಲಿದ್ರೆ ಮಕ್ಕಳೇ ಪಂಚಾಯತಿಗೆ, ಬೋಟಿನವರಿಗೆ ಪತ್ರ ಬರೀಬಹುದು. ಬರೀ "ಕಸ ಹಾಕಬೇಡಿ" ಅನ್ನೋ ಪತ್ರಕ್ಕಿಂತ "ಇದೇ 100 ಮೀಟರಲ್ಲಿ ನಮಗೆ ಇಷ್ಟು ಸ್ಟ್ರಾ ಸಿಕ್ತು" ಅನ್ನೋ ಪತ್ರನ ಜನ ಓದ್ತಾರೆ. ಮೀನುಗಾರರ ಬಲೆ ಬಗ್ಗೆ ಬರೆಯೋವಾಗ ಮಾತ್ರ ಜೋಪಾನ, ಕ್ಲಾಸಲ್ಲಿ ಕೂತಿರೋ ಎಷ್ಟೋ ಮಕ್ಕಳ ಅಪ್ಪಂದಿರು ಅದೇ ಕಡಲಿಗೆ ಹೋಗೋರು, ಬಲೆ ಕಳ್ಕೊಂಡು ನಷ್ಟ ಆಗೋದೂ ಅವರಿಗೇ.

ಹಂತ 8: ಗಿಡ ನೆಡೋದು, ಆದ್ರೆ ದ್ವೀಪದಲ್ಲಲ್ಲ

ಮರಳು ಹಿಡಿದಿಡೋ ಬಳ್ಳಿ ನೆಡೋಕೆ ಸರಿಯಾದ ಸಮಯ ಜೂನ್, ಮೊದಲ ಎರಡು ಮಳೆ ಬಿದ್ದ ಮೇಲೆ. ಜೂನಲ್ಲಿ ದ್ವೀಪಕ್ಕೆ ಬೋಟೇ ಇಲ್ಲ. ಡಿಸೆಂಬರಲ್ಲಿ ನೆಟ್ರೆ ನೀರು ಹಾಕೋರಿಲ್ಲ, ಒಣಗುತ್ತೆ, ಮೇಲೆ ಹೇಳಿದ "ಎಲ್ಲಾ ಒಣಗಿಹೋಯ್ತು" ಅನ್ನೋದು ಇದೇ. ಹಾಗಾಗಿ ಈ ಕೆಲಸನ ಈಚೆ ದಡದಲ್ಲಿ, ನಿಮ್ಮ ಶಾಲೆಗೆ ನಡ್ಕೊಂಡು ಹೋಗೋ ದೂರದಲ್ಲಿ ಮಾಡಿ. ಪಡುಕೆರೆ, ಕೋಡಿ ಬೆಂಗ್ರೆ ಥರ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರೋ ಮರಳು ಪಟ್ಟಿಗಳು ದ್ವೀಪದಷ್ಟೇ ನಾಜೂಕು. ಪಂಚಾಯತಿ ಮತ್ತು ಅರಣ್ಯ ಇಲಾಖೆ ಒಪ್ಪಿಗೆ ಬೇಕು, ಮರಳ ದಿಬ್ಬಗಳು ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಅತಿ ಸೂಕ್ಷ್ಮ ಜಾಗ. ಕಲ್ಲಿನ ತಡೆಗೋಡೆ ಹಾಕಿ ಮುಂದೆ ಮರಳೇ ಉಳಿಯದ ಕಡೆ ಪ್ರಯತ್ನನೇ ಬೇಡ.

ಗಿಡ ಯಾವ್ದು? ಅಡುಂಬು ಬಳ್ಳಿ. ಆಡಿನ ಗೊರಸಿನ ಹಾಗೆ ಸೀಳಿದ ಎಲೆ, ನೇರಳೆ ಗುಲಾಬಿ ಹೂವು, ಮರಳ ಮೇಲೆ ಉದ್ದಕ್ಕೆ ಹರ್ಕೊಂಡು ಹೋಗುತ್ತೆ, ನಮ್ಮ ಮಕ್ಕಳೆಲ್ಲಾ ನೋಡಿರ್ತಾರೆ. ಅದರ ಹಿಂದಿನ ಸಾಲಿಗೆ ಕೇದಗೆ, ಹೊನ್ನೆ. ಗಾಳಿ ಮರ (ಸರ್ವೆ) ನೆಡಬೇಡಿ. ಬೇಗ ಬೆಳೆಯುತ್ತೆ, ಫೋಟೋದಲ್ಲಿ ಹಸಿರು ಕಾಣುತ್ತೆ, ಆದ್ರೆ ಅದರ ಸೂಜಿ ಎಲೆ ದಪ್ಪಕ್ಕೆ ಹಾಸಿದ ಕಡೆ ಅಡುಂಬು ಏಳಲ್ಲ, ದಡದವರೆಗೂ ಒತ್ತಾಗಿ ನೆಟ್ಟ ಕಡೆ ಕಡಲಾಮೆಗೆ ಮೊಟ್ಟೆ ಇಡೋ ಬಯಲು ಮರಳೂ ಉಳಿಯಲ್ಲ.

ವಿಧಾನ: ದಟ್ಟವಾಗಿ ಬೆಳೆದಿರೋ ಕಡೆಯಿಂದ ಬಳ್ಳಿ ಕತ್ತರಿಸಿ, ಬೇರು ಸಮೇತ ಕೀಳಬೇಡಿ, ಒಂದೇ ಜಾಗದಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ಒಂದೂವರೆ ಅಡಿ ಉದ್ದದ ತುಂಡು, ಮೂರ್ನಾಲ್ಕು ಗಂಟು ಇರ್ಲಿ. ಒದ್ದೆ ಗೋಣಿಯಲ್ಲಿ ಸುತ್ತಿ ಅವತ್ತೇ ನೆಡ್ಬೇಕು. ಕೆಳಗಿನ ಎಲೆ ತೆಗೆದು, ಗೇಣುದ್ದಕ್ಕಿಂತ ಸ್ವಲ್ಪ ಕಮ್ಮಿ ಆಳದ ಸಾಲಲ್ಲಿ ಎರಡು ಗಂಟು ಮರಳೊಳಗೆ ಹೋಗೋ ಹಾಗೆ ಓರೆಯಾಗಿ ಮಲಗಿಸಿ ತುದಿ ಮಾತ್ರ ಹೊರಗೆ ಬಿಡಿ, ಮೇಲಿಂದ ಪಾದದಲ್ಲಿ ಮೆಲ್ಲಗೆ ಒತ್ತಿ. ತುಂಡಿಂದ ತುಂಡಿಗೆ ಎರಡು ಅಡಿ. ಸಾಲು ಎಲ್ಲಿ ಅಂದ್ರೆ, ಕಳೆದ ಮಳೆಗಾಲದ ಅತಿ ದೊಡ್ಡ ಅಲೆ ಕಸ ಕಡ್ಡಿ ತಂದು ಬಿಟ್ಟ ಗೆರೆಗಿಂತ ಹಿಂದೆ. ಆ ಗೆರೆ ಮಾಸಿದ್ರೆ ಅಲ್ಲಿ ಮನೆ ಇರೋ ಅಜ್ಜಿಯನ್ನ ಕೇಳಿ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೈ ತೋರಿಸಿ ಹೇಳ್ತಾರೆ.

ಕೆಂಪು ಮಣ್ಣು, ಗೊಬ್ಬರ ಹಾಕಬೇಡಿ, ಅದರ ಜೊತೆ ಊರ ಕಳೆ ಬರುತ್ತೆ. ದನ, ಬೈಕು ಬರೋ ಕಡೆ ತೆಂಗಿನ ಗರಿ ಹೆಣೆದು ಸೊಂಟದೆತ್ತರದ ಬೇಲಿ ಕಟ್ಟಿ, ಅದು ಗಾಳಿಗೆ ಹಾರೋ ಮರಳನ್ನೂ ಹಿಡಿದು ನಿಲ್ಲಿಸುತ್ತೆ.

ಎರಡು ವಾರಕ್ಕೆ ಒಂದಿಷ್ಟು ಎಲೆ ಹಳದಿಯಾಗಿ ಉದುರೋದು ಮಾಮೂಲಿ, ಹೆದರ್ಬೇಡಿ. ಕಾಂಡ ಕಪ್ಪಾಗಿ ಮೆತ್ತಗಾದ್ರೆ ಕೊಳೀತಾ ಇದೆ, ನೀರು ನಿಲ್ಲೋ ಜಾಗ ಅದು. ಬೇರು ಹೊರಗೆ ಕಂಡ್ರೆ ಮರಳು ಕೊಚ್ಚಿ ಹೋಗ್ತಿದೆ, ಸಾಲನ್ನ ಇನ್ನೂ ಹಿಂದಕ್ಕೆ ತನ್ನಿ.

ಹಂತ 9: ಮತ್ತೆ ಹೋಗೋದು

ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಈಚೆ ದಡದಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋದ್ರೆ ಮರಳ ಮೇಲೆ ಕಡಲಾಮೆಯ ಹೆಜ್ಜೆ ಇದೆಯಾ ಅಂತ ಮೊದಲು ನೋಡಿ, ಟ್ರ್ಯಾಕ್ಟರ್ ಟೈರ್ ಥರ ಗುರುತು ನೀರಿಂದ ಮೇಲಕ್ಕೆ ಹೋಗಿ ವಾಪಸ್ ಬಂದಿರುತ್ತೆ. ಕಂಡ್ರೆ ಆ ಜಾಗ ತುಳೀಬೇಡಿ, ಕೆದಕಬೇಡಿ, ಅರಣ್ಯ ಇಲಾಖೆಗೆ ಹೇಳಿ. ಬಲೆಗೆ ಸಿಕ್ಕಿ ದಡಕ್ಕೆ ಬಂದ ಆಮೆನ ಪಾಪ ಅಂತ ನೀರಿಗೆ ತಳ್ಳಬೇಡಿ, ಸುಸ್ತಾಗಿರೋದು ಮುಳುಗುತ್ತೆ. ನೆರಳು ಮಾಡಿ, ಮೂಗು ಬಿಟ್ಟು ಬೆನ್ನಿಗೆ ಒದ್ದೆ ಬಟ್ಟೆ ಹಾಕಿ, ಇಲಾಖೆಯವ್ರು ಬರೋವರೆಗೆ ನಾಯಿ ಹತ್ರ ಬರದ ಹಾಗೆ ನೋಡ್ಕೊಳ್ಳಿ.

ದ್ವೀಪಕ್ಕೆ ಒಂದು ಸೀಸನ್‌ಗೆ ಮೂರು ಸಲ ಹೋಗೋ ಹಾಗೆ ಪ್ಲಾನ್ ಮಾಡಿ, 120 ಮಕ್ಕಳನ್ನ ಒಂದೇ ಸಲ ಒಯ್ಯೋದಕ್ಕಿಂತ 40 ಮಕ್ಕಳನ್ನ ಮೂರು ಸಲ ಒಯ್ಯೋದು ವಾಸಿ. ಪ್ರತಿ ಸಲ ಘಟಕದವರಿಂದ ತೂಕದ ಚೀಟಿ ತಗೊಂಡು ಕ್ಲಾಸ್ ಗೋಡೆಗೆ ಅಂಟಿಸಿ, ಎತ್ತಿದ ಕಸ ಎಲ್ಲಿಗೆ ಹೋಯ್ತು ಅಂತ ಮಕ್ಕಳಿಗೆ ಗೊತ್ತಾಗ್ಬೇಕು. ಅಡುಂಬು ನೆಟ್ಟ ಮಕ್ಕಳು ಆಗಸ್ಟ್ ರಜೆಯಲ್ಲಿ ಒಂದು ಸಲ, ಸೆಪ್ಟೆಂಬರಲ್ಲಿ ಒಂದು ಸಲ ಹೋಗಿ ಎಷ್ಟು ಬದುಕಿದೆ ಅಂತ ಎಣಿಸ್ಲಿ. ಸತ್ತಿರೋ ಜಾಗದಲ್ಲಿ ಒಂದು ಕಡ್ಡಿ ನೆಟ್ಟು ಬನ್ನಿ, ಮುಂದಿನ ಜೂನಲ್ಲಿ ಶುರು ಮಾಡ್ಬೇಕಾದ್ದು ಅಲ್ಲಿಂದಲೇ.